ಆರ್ಕೇಡ್ ಕಿಟ್ ತಗೊಂಡ್ರೂ ಹಳೇ ಕಂಟ್ರೋಲರ್ ಒಗಿಬ್ಯಾಡ್ರಿ: ಬೆಳಗಾವಿಯಿಂದ ಒಂದು ರಿವ್ಯೂ

ಆನ್‌ಲೈನ್‌ನಾಗ ಸಿಗ್ತಾವಲ್ಲ, ಒಂದು ಲಿವರ್, ಒಂದಿಷ್ಟು ಬಣ್ಣದ ಬಟನ್, ಒಂದು ಸಣ್ಣ ಯುಎಸ್‌ಬಿ ಬೋರ್ಡ್, ಮ್ಯಾಲ ಒಂದು ಕಟ್ಟು ವೈರ್, ಎಲ್ಲಾ ಸೇರಿ ಎರಡು ಸಾವಿರದ ಆಜೂಬಾಜೂ ಬರೋ ಆರ್ಕೇಡ್ ಕಿಟ್ (ಗೇಮ್ ಪಾರ್ಲರ್ ನಮೂನಿ ಸ್ಟಿಕ್ ಮನ್ಯಾಗ ಮಾಡ್ಕೊಂಡು ಪಿಸಿಗೆ ಹಚ್ಚಿ ಆಡೋ ಸಾಮಾನು), ಅದರದ ರಿವ್ಯೂ ಇದು. ಬ್ರ್ಯಾಂಡ್ ಅಂತ ಏನೂ ಇಲ್ಲ, ಡಬ್ಬಿ ಮ್ಯಾಲ ಹೆಸರೂ ಇಲ್ಲ, ಎಲ್ಲಾ ಸೆಲ್ಲರ್‌ಗಳೂ ಒಂದೇ ಫೋಟೋ ಹಾಕಿ ಮಾರ್ತಾರ. ಲಿವರ್ ಮತ್ತ ಬಟನ್‌ಗೆ ಕೊಟ್ಟ ರೊಕ್ಕಕ್ಕ ಮೋಸ ಇಲ್ಲ. ಆದ್ರ ಅದರಾಗಿನ ಬೋರ್ಡ್ ತಗದು ಬಾಜೂಕ ಇಟ್ಟು, ಮನ್ಯಾಗ ಬಿದ್ದಿರೋ ಹಳೇ ವೈರಿನ ಗೇಮ್ ಕಂಟ್ರೋಲರ್ ಬಿಚ್ಚಿ ಅದರ ಬೋರ್ಡ್ ಹಾಕಿದ್ರ ಇದ ಕಿಟ್ ಅಗದಿ ಬ್ಯಾರೇನ ಮಾಲ್ ಆಗ್ತೈತಿ.

ಯಾಕಂದ್ರ ಆ ಬೋರ್ಡ್‌ಗೆ ಎಲ್ಲಾರೂ ಝೀರೋ ಡಿಲೇ, ಅಂದ್ರ ಒತ್ತಿದ್ದು ಒಂಚೂರೂ ತಡ ಇಲ್ಲದ ಗೇಮ್‌ಗೆ ಮುಟ್ಟೋದು, ಅಂತಾರ, ಅದು ಹೆಸರು ಅಷ್ಟ. ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡ್ತೈತಿ, ಒಂದು ಫ್ರೇಮ್ ಅಂದ್ರ ಸುಮಾರು 16.7 ಮಿಲಿಸೆಕೆಂಡ್, ಸ್ಟ್ರೀಟ್ ಫೈಟರ್‌ನಾಗ ಕಾಂಬೋ ಹೊಡಿಯೋರಿಗೆ ಅದರಾಗಿನ ಚೂರುಪಾರೂ ಲೆಕ್ಕಕ್ಕ ಬರ್ತೈತಿ. ಆದ್ರ ನನಗ ತ್ರಾಸ ಅನ್ಸಿದ್ದು ಲೇಟ್ ಆಗೋದಲ್ಲ, ಬೋರ್ಡ್ ಹಳೇ ಡೈರೆಕ್ಟ್‌ಇನ್‌ಪುಟ್ ಜಾತಿದು (ವಿಂಡೋಸ್ ಗೇಮ್ ಕಂಟ್ರೋಲರ್ ಜೋಡಿ ಮಾತಾಡೋ ಹಳೇ ಪದ್ಧತಿ), ಈಗಿನ ಪಿಸಿ ಗೇಮ್ ಭಾಳಷ್ಟು ಅದರ ಹೊಸಾ ಪದ್ಧತಿ ಎಕ್ಸ್‌ಇನ್‌ಪುಟ್ ಕೇಳ್ತಾವು, ಹಂಗಾಗಿ ಹೊಸ ಗೇಮ್ ಹಾಕಿದಾಗೆಲ್ಲ ಸ್ಟೀಮ್ ಅನ್ನೋ ಪಿಸಿ ಗೇಮ್ ಆ್ಯಪ್‌ನಾಗ ಹೋಗಿ ಯಾವ ಬಟನ್ ಯಾವುದು ಅಂತ ಮತ್ತ ಹೇಳಿಕೊಡಬೇಕು. ಮಾಮ್ ಎಮುಲೇಟರ್‌ನಾಗ (ಪಾರ್ಲರ್ ಗೇಮ್ ಪಿಸಿ ಮ್ಯಾಲ ಓಡಿಸೋ ಸಾಫ್ಟ್‌ವೇರ್) ಹಳೇ ಗೇಮ್ ಅಷ್ಟ ಆಡೋರಿಗೆ ಈ ತಲಿನೋವಿಲ್ಲ. ಪಾರ್ಲರ್ ಕಾಲದ ನಮ್ಮ "ಮುಸ್ತಫಾ", ಅಂದ್ರ ಕ್ಯಾಪ್‌ಕಾಮ್‌ದು 1993ರ ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಅದಕ್ಕ ಬೇಕಾಗೋದ ಎರಡು ಬಟನ್, ಹೊಡಿಯಾಕ ಒಂದು ಜಿಗಿಯಾಕ ಒಂದು. ಅಷ್ಟ ಸಾಕು ಅನ್ನೋರು ಕಿಟ್ ಹೆಂಗ ಬರ್ತೈತಿ ಹಂಗ ಜೋಡಿಸಿ ಆರಾಮ ಆಡ್ರಿ, ಸೋಲ್ಡರಿಂಗ್ ಕಡ್ಡಿ ಮುಟ್ಟೋದೂ ಬ್ಯಾಡ.

ಕಂಟ್ರೋಲರ್ ಒಡಿಯೋರು ಮಾತ್ರ ಮೊದಲ ಒಂದು ಚೆಕ್ ಮಾಡ್ರಿ. ಮಲ್ಟಿಮೀಟರ್ ಬೀಪ್ ಮೋಡ್‌ಗೆ ಹಾಕಿ ಒಂದು ಕಡ್ಡಿ ಯುಎಸ್‌ಬಿ ಕೇಬಲ್‌ನ ಗ್ರೌಂಡ್‌ಗೆ ಹಚ್ರಿ (ಬಹಳಷ್ಟರಾಗ ಕರೇ ವೈರ್), ಇನ್ನೊಂದು ಕಡ್ಡಿ ಪ್ರತಿ ಬಟನ್‌ನ ಎರಡೂ ಬಾಜೂಕ ಮುಟ್ಟಿಸ್ಕೋತ ಹೋಗ್ರಿ. ಎಲ್ಲಾ ಬಟನ್‌ದೂ ಒಂದು ಬಾಜೂ ಬೀಪ್ ಅಂದ್ರ ಅದು ಕಾಮನ್ ಗ್ರೌಂಡ್ ಬೋರ್ಡ್, ನಿಮ್ಮ ನಸೀಬ ಚಲೋ ಐತಿ, ಬಟನ್‌ಗೆ ಒಂದೊಂದು ವೈರ್ ಎಳದು ಗ್ರೌಂಡ್ ಮಾತ್ರ ಒಂದರಿಂದ ಇನ್ನೊಂದಕ್ಕ ಸರಪಳಿ ಹಾಕ್ಕೋತ ಹೋದ್ರಾತು. ಬೀಪ್ ಬರಲಿಲ್ಲ ಅಂದ್ರ ಆ ಕಂಟ್ರೋಲರ್ ಬಿಟ್ಟು ಬ್ಯಾರೇದು ನೋಡ್ರಿ, ಹಟ ಮಾಡಬ್ಯಾಡ್ರಿ. ಎಕ್ಸ್‌ಬಾಕ್ಸ್ 360ರ ವೈರ್ ಕಂಟ್ರೋಲರ್ ಈ ಕೆಲಸಕ್ಕ ಭಾಳ ಮಂದಿ ಬಳಸ್ತಾರ. ವೈರ್‌ಲೆಸ್ ಬ್ಯಾಡ, ಬ್ಯಾಟರಿ ಎಲ್ಲಿ ಇಡೋದು ಅನ್ನೋದ ಇನ್ನೊಂದು ಉಸಾಬರಿ.

ರಬ್ಬರ್ ಬಟನ್ ಬಂದು ಕೂಡೋ ಜಾಗದಾಗ ಕರೇ ಕಾರ್ಬನ್ ಇರ್ತೈತಿ, ಅದರ ಮ್ಯಾಲ ಸೋಲ್ಡರ್ ಹಿಡಿಯೋದಿಲ್ಲ, ಬ್ಲೇಡ್‌ಲೆ ಮೆತ್ತಗ ಕೆರದು ತಾಮ್ರ ಕಾಣೋ ಮಟ ಬರಬೇಕು, ಇಲ್ಲಾ ಹತ್ರ ಎಲ್ಲರ ಟೆಸ್ಟ್ ಪಾಯಿಂಟ್ (ಬೋರ್ಡ್ ಮ್ಯಾಲಿನ ಸಣ್ಣ ಲೋಹದ ಚುಕ್ಕಿ) ಇದ್ರ ಅಲ್ಲೇ ಹಚ್ಚೋದು ಚಲೋ. ಹಚ್ಚಿದ ಮ್ಯಾಲ ವೈರ್‌ಗೆ ಹಾಟ್ ಗ್ಲೂ ಹಾಕ್ರಿ, ವೈರ್ ಜಗ್ಗಿದ್ರ ತಾಮ್ರದ ಎಳೀನ ಕಿತ್ಗೊಂಡು ಬರ್ತೈತಿ. ಹಿಂದಿನ ಟ್ರಿಗರ್ ಎರಡೂ ಅನಲಾಗ್, ಅಂದ್ರ ಎಷ್ಟು ಒತ್ತಿದ್ರಿ ಅಂತ ಅಳಿಯೋವು, ಅವನ್ನ ಬಟನ್ ಮಾಡಾಕ ರೆಸಿಸ್ಟರ್ ಲೆಕ್ಕ ಬರ್ತೈತಿ. ನಾ ಹೇಳೋದು ಏನಂದ್ರ ಅವನ್ನ ಮುಟ್ಟಾಕ ಹೋಗಬ್ಯಾಡ್ರಿ, ಎ, ಬಿ, ಎಕ್ಸ್, ವೈ, ಮ್ಯಾಲ ಬಂಪರ್ (ಟ್ರಿಗರ್ ಮ್ಯಾಗಿನ ಬಟನ್) ಎರಡು, ಆರಾತು, ಸ್ಟ್ರೀಟ್ ಫೈಟರ್‌ಗೆ ಮೂರು ಪಂಚ್ ಮೂರು ಕಿಕ್ ಅಷ್ಟ ಬೇಕಾಗೋದು, ಗೇಮ್ ಸೆಟಿಂಗ್ಸ್‌ನಾಗ ಬದಲಿ ಮಾಡ್ಕೋಬೋದು. ಅನಲಾಗ್ ಸ್ಟಿಕ್ಕೂ ಕೀಳಬ್ಯಾಡ್ರಿ, ಕಿತ್ತು ಹಂಗ ಬಿಟ್ರ ಸ್ಕ್ರೀನ್ ಮ್ಯಾಗಿನವ ತಾನ ಒಂದು ಕಡೆ ನಡ್ಕೋತ ಹೊಂಟಬಿಡ್ತಾನ. ಲಿವರ್‌ನ ನಾಲ್ಕು ಮೈಕ್ರೋಸ್ವಿಚ್ ಡಿ-ಪ್ಯಾಡ್‌ನ (ಕಂಟ್ರೋಲರ್‌ನ ಪ್ಲಸ್ ಆಕಾರದ ದಿಕ್ಕಿನ ಬಟನ್) ನಾಲ್ಕಕ್ಕ ಹೋಗ್ತಾವು. ಸ್ವಿಚ್‌ಗೆ ಮೂರು ಕಾಲು ಇದ್ರ ಕಾಮನ್ ಮತ್ತ ಎನ್‌ಓ (ಒತ್ತಿದಾಗ ಅಷ್ಟ ಕೂಡೋದು) ಬೇಕು, ಎನ್‌ಸಿಗೆ (ಒತ್ತದಿದ್ದಾಗ ಕೂಡಿರೋದು) ಹಚ್ಚಿದ್ರ ಬಟನ್ ಒತ್ತದೇನ ಒತ್ತಿದಂಗ ಆಗ್ತೈತಿ.

ಇನ್ನ ಡಬ್ಬಿ, ಅಂದ್ರ ಲಿವರ್, ಬಟನ್ ಕೂಡಿಸೋ ಪೆಟ್ಟಿಗಿ. ಕಿಟ್‌ನಾಗ ಡಬ್ಬಿ ಬರೋದಿಲ್ಲ, ಇದನ್ನ ಫೋಟೋ ನೋಡಿ ಆರ್ಡರ್ ಮಾಡೋರು ಗಮನಿಸೋದ ಇಲ್ಲ. ವಿಡಿಯೋದಾಗ ಎಲ್ಲಾರೂ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗಿ) ಅಂತಾರ, ನಮ್ಮ ಬೆಳಗಾವಿ ಮಳಿಗೆ ಅದು ತಡ್ಯಾಂಗಿಲ್ಲ, ಜುಲೈ ಬಂತಂದ್ರ ಅಂಚು ನೆನೆದ ಬ್ರೆಡ್‌ನಂಗ ಉಬ್ಬಿ ನಿಲ್ತಾವು. 12 ಎಂಎಂ ಪ್ಲೈವುಡ್ ತಗೋರಿ. ಬಟನ್‌ಗೆ 30 ಎಂಎಂ ತೂತು, ಸ್ಟಾರ್ಟ್‌ಗೆ ಸಣ್ಣ ಬಟನ್ ಇದ್ರ 24. ಇಲ್ಲೊಂದು ಗೊಂದಲ ಐತಿ, ಕಿಟ್ ಬಟನ್ ಎರಡು ನಮೂನಿ ಬರ್ತಾವು, ಕೆಳಗ ನಟ್ ತಿರುವೋವು ದಪ್ಪ ಪ್ಲೈಗೆ ನಡೀತಾವು, ಒತ್ತಿದ್ರ ಕಟ್ ಅಂತ ಕೂಡೋ ಕ್ಲಿಪ್‌ನವು ತೆಳು ಶೀಟಿಗೇ ಬೇಕು. ನನಗ ಬಂದದ್ದು ಕ್ಲಿಪ್‌ನವು. ಇಲ್ಲಿನ ಇಂಡಸ್ಟ್ರಿಯಲ್ ಏರಿಯಾ ಉದ್ಯಮಬಾಗದಾಗ ಒಂದು ಲೇಸರ್ ಕಟಿಂಗ್ ಅಂಗಡ್ಯಾಗ ಡ್ರಾಯಿಂಗ್ ತೋರಿಸಿದ್ರ "ಒಂದ ಪೀಸಿಗೆ ಮಷಿನ್ ಯಾಕ ಚಾಲೂ ಮಾಡೂಣ್ರಿ ಸರ" ಅಂದ್ರು, ಆಮ್ಯಾಲ ಏನಕ್ಕ ಅಂತ ಕೇಳಿ, ಗೇಮ್ ಅಂದಕೂಡ್ಲೇ ನಕ್ಕು, ಉಳದ ತುಕಡಿ ಒಳಗ 2 ಎಂಎಂ ಶೀಟ್ ಕೊರದು ಕೊಟ್ರು. ಫೌಂಡ್ರಿ, ಮಷಿನ್ ಶಾಪ್ ಇರೋ ಊರಾಗ ಇರೋದರ ಫಾಯದಾ ಇದ, ಕೆಲಸದ ಫಿನಿಶಿಂಗ್‌ಗೆ ಐದಕ್ಕ ಐದು. ಕಬ್ಬಿಣದ ಶೀಟ್ ಹಾಕೋರು ಬೋರ್ಡ್ ಕೆಳಗ ಪ್ಲಾಸ್ಟಿಕ್ ಸ್ಪೇಸರ್ ಇಡ್ರಿ, ಸೋಲ್ಡರ್ ತುದಿ ಶೀಟಿಗೆ ತಾಗಿದ್ರ ಶಾರ್ಟ್. ತೂಕ ಬಂದಷ್ಟೂ ಚಲೋನ, ಚಕ್ಕಳಮಕ್ಕಳ ಹಾಕಿ ಕುಂತು ತೊಡಿ ಮ್ಯಾಲ ಇಟ್ಟು ಆಡೋವಾಗ ಜರಗೋದಿಲ್ಲ.

ಲಿವರ್ ಬಗ್ಗೆ ಹೇಳಬೇಕಂದ್ರ ಜಪಾನ್‌ನ ಸಾನ್ವಾ ಜೆಎಲ್‌ಎಫ್ ನೋಡಿ ಮಾಡಿದ ನಕಲು, ಸ್ಪ್ರಿಂಗ್ ಸ್ವಲ್ಪ ಸಡಿಲ, ಆದ್ರ ಮೂಲೆ ಸರಿ ಹಿಡೀತೈತಿ. ಚೌಕದ ಗೇಟ್ (ಲಿವರ್ ಎಲ್ಲಿ ಮಟ ಸರೀಬೇಕು ಅಂತ ತಡಿಯೋ ಚೌಕಟ್ಟು) ಇರೋದ್ರಿಂದ 8 ದಿಕ್ಕೂ ಬರ್ತಾವು, 1980ರ ಪ್ಯಾಕ್‌ಮ್ಯಾನ್‌ಗೆ ಮಾತ್ರ 4 ದಿಕ್ಕಿನ ಲಿವರ್ ಬೇಕು, ಇಲ್ಲಂದ್ರ ತಿರುವಿನಾಗ ಸಿಕ್ಕಾಕೊಂಡು ಭೂತದ ಬಾಯಿಗೆ ಹೋಗ್ತೀರಿ. ಮುಂದ ರೊಕ್ಕ ಹಾಕೋದಿದ್ರ ಲಿವರ್‌ಗ ಹಾಕ್ರಿ. ಅಸಲಿ ಸಾನ್ವಾ ಒಂದಕ್ಕ ಈ ಇಡೀ ಕಿಟ್‌ಗಿಂತ ಜಾಸ್ತಿ ಬೀಳ್ತೈತಿ, ಆದ್ರ ಅದರ 5 ಪಿನ್ ವೈರ್ ಕಿಟ್ ಬೋರ್ಡ್‌ಗೂ ಸೀದಾ ಕೂಡ್ತೈತಿ, ಡಬ್ಬಿ ಒಡಿಯೋದೇನೂ ಇಲ್ಲ.

ಹಳೇ ಕಂಟ್ರೋಲರ್ ಇಲ್ಲದೋರು ಹೊಸಾದು ತಂದು ಒಡಿಯೋದು ದಂಡ. ರಾಸ್ಪ್‌ಬೆರಿ ಪೈ ಪಿಕೋ ಅಂತ ಸಣ್ಣ ಬೋರ್ಡ್ ಸಿಗ್ತೈತಿ, ಅದಕ್ಕ ಜಿಪಿ2040-ಸಿಇ ಅನ್ನೋ ಪುಕ್ಕಟೆ ಫರ್ಮ್‌ವೇರ್ (ಬೋರ್ಡ್ ನಡಸೋ ಸಾಫ್ಟ್‌ವೇರ್) ಹಾಕಿದ್ರ ಎಕ್ಸ್‌ಇನ್‌ಪುಟ್ ಆಗೇ ಕಾಣ್ತೈತಿ, ಕೆರಿಯೋದೂ ಇಲ್ಲ ಗ್ಲೂನೂ ಇಲ್ಲ. ಎರಡನೇ ಪ್ಲೇಯರ್ ಸ್ಟಿಕ್ ನಾ ಅದರಾಗ ಮಾಡೋನದೀನಿ, ಕಿಟ್‌ನಾಗಿಂದ ಬಟನ್ ಅಷ್ಟ ಬಿಡಿಯಾಗಿ ಮಾರೋ ಸೆಲ್ಲರ್ ಯಾರರ ಗೊತ್ತಿದ್ರ ಹೇಳ್ರಿ, ನಟ್ ತಿರುವೋವು ಬೇಕು, ಕ್ಲಿಪ್‌ನವು ಬ್ಯಾಡ.