ಹೊಲಿಗೆ ಅಭ್ಯಾಸದ ಕಿಟ್: ಪಶುವೈದ್ಯಕೀಯದ ಮೊದಲ ಪಾಠಕ್ಕೆ ಸಾಕೇ?

ಗಾಯ ಹೊಲಿಯುವುದನ್ನು ಕಲಿಯಲು ಚರ್ಮದ ಬದಲಿಗೆ ಸಿಲಿಕೋನ್ ಪ್ಯಾಡ್, ಸೂಜಿ ಹಿಡಿಯುವ ನೀಡಲ್ ಹೋಲ್ಡರ್, ಹಲ್ಲಿರುವ ಚಿಮುಟ, ಕತ್ತರಿ, ದಾರ ಕೂಡಿಸಿದ ಬಾಗುಸೂಜಿಗಳು. ಪಶುವೈದ್ಯಕೀಯ ಓದುವ ಆಸೆಯಿರುವ ಶಾಲಾ ವಿದ್ಯಾರ್ಥಿಗಳ ಪರಿಚಯ ತರಗತಿಗೆಂದು ಕೊಳ್ಳುವ ಕಿಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು.

ಮೊದಲು ಪ್ಯಾಡ್ ನೋಡಿ. ಪದರಗಳ ನಡುವೆ ಬಲೆಬಟ್ಟೆ ಇರಲೇಬೇಕು. ಇಲ್ಲದಿದ್ದರೆ ಗಂಟು ಬಿಗಿದ ಕೂಡಲೇ ದಾರ ಸಿಲಿಕೋನನ್ನು ಸೀಳಿಬಿಡುತ್ತದೆ, ಕಲಿಯುವವರು ತಮ್ಮದೇ ತಪ್ಪೆಂದು ಕುಗ್ಗುತ್ತಾರೆ. ಆಮೇಲೆ ನೀಡಲ್ ಹೋಲ್ಡರ್. ಅದರ ಬಾಯಲ್ಲಿ ಸೂಜಿ ಹಿಡಿಸಿ ಅಲುಗಿಸಿ. ಸೂಜಿ ತಿರುಗಿದರೆ ಆ ಕಿಟ್ ಬೇಡ. ದಾರ 2-0 ಅಥವಾ 3-0 ಇರಲಿ. ಮೊದಲ ಅಂಕಿ ಹೇಳುವುದು ಎಷ್ಟು ಸೊನ್ನೆ ಎಂದು; ಸೊನ್ನೆ ಹೆಚ್ಚಿದಷ್ಟೂ ದಾರ ತೆಳು, ಹೊಸಬರಿಗೆ 5-0 ಕಣ್ಣಿಗೂ ಕೈಗೂ ಕಷ್ಟ.

ಸೂಜಿಯನ್ನು ಮೊನೆಯಿಂದ ಮೂರನೇ ಎರಡು ಭಾಗ ಬಿಟ್ಟು ಹಿಡಿದು, ಪ್ಯಾಡ್‌ನ ಸೀಳಿನ ಅಂಚಿನಿಂದ ಸುಮಾರು 5 ಮಿ.ಮೀ. ದೂರದಲ್ಲಿ ನೇರ 90 ಡಿಗ್ರಿಗೆ ಚುಚ್ಚಬೇಕು. ಮಣಿಕಟ್ಟು ತಿರುಗಿದರೆ ಸೂಜಿ ತನ್ನ ಬಾಗಿನಲ್ಲೇ ಹೊರಬರುತ್ತದೆ, ತಳ್ಳಿದರೆ ಬಗ್ಗುತ್ತದೆ. ಗಂಟು ಹಾಕಲು ದಾರವನ್ನು ಹೋಲ್ಡರ್‌ಗೆ ಸುತ್ತಬೇಕು: ಮೊದಲ ಸುತ್ತು ಎರಡು ಸಲ, ಮುಂದಿನದು ವಿರುದ್ಧ ದಿಕ್ಕಿಗೆ. ಒಂದೇ ದಿಕ್ಕಿಗೆ ಸುತ್ತಿದರೆ ಗಂಟು ಜಾರುತ್ತದೆ, ನೈಲಾನ್ ಆದರೆ ಇನ್ನೂ ಬೇಗ. ಅಂಚುಗಳು ಒಂದಕ್ಕೊಂದು ತಾಗಿದರೆ ಸಾಕು. ಇನ್ನೂ ಬಿಗಿದರೆ ಜೀವಂತ ಚರ್ಮದಲ್ಲಿ ರಕ್ತ ಹರಿಯದೆ ಅಂಚು ಸಾಯುತ್ತದೆ. ಪ್ಯಾಡ್ ಇದನ್ನು ತೋರಿಸದು, ಕಲಿಸುವವರೇ ಹೇಳಬೇಕು.

ಕಿಟ್‌ನ ದೊಡ್ಡ ಕೊರತೆ ಬೇರೆಯದೇ. ವಿಶ್ವವಿದ್ಯಾಲಯದಲ್ಲಿ ಶಸ್ತ್ರಚಿಕಿತ್ಸೆಗೆ ಬರುವ ಮೊದಲು ಅಂಗರಚನೆ, ಶರೀರಕ್ರಿಯೆ, ಪ್ರಾಣಿಯನ್ನು ಹಿಡಿದು ನಿಭಾಯಿಸುವುದು ಕಲಿಯಬೇಕು, ಅದೂ ಹಲವು ಜಾತಿಯ ಪ್ರಾಣಿಗಳಲ್ಲಿ. ಪ್ಯಾಡ್‌ಗೆ ಇರುವುದು ಒಂದೇ ಚರ್ಮ! ಹಾಗಾಗಿ ಜೊತೆಗೊಂದು ಸ್ಟೆತೊಸ್ಕೋಪ್ ಇರಲೇಬೇಕೆಂದು ನಮ್ಮ ಒತ್ತಾಯ. ವಿಶ್ರಾಂತಿಯಲ್ಲಿರುವ ಕುದುರೆಯ ಹೃದಯ ನಿಮಿಷಕ್ಕೆ ಸುಮಾರು 28–44 ಸಲ ಬಡಿದರೆ, ಬೆಕ್ಕಿನದು 140 ದಾಟುತ್ತದೆ. ಹಸುವಿನ ಕೊನೆಯ ಪಕ್ಕೆಲುಬಿನ ಹಿಂದಿನ ಎಡಗುಳಿಗೆ ಇಟ್ಟರೆ ದೊಡ್ಡಹೊಟ್ಟೆ ನಿಮಿಷಕ್ಕೆ ಒಂದೆರಡು ಸಲ ಗುಡುಗಿದಂತೆ ಹೊರಳುವುದು ಕೇಳುತ್ತದೆ. ಈ ಓದು ಏನೆಂದು ಮಕ್ಕಳಿಗೆ ನಿಜವಾಗಿ ಹೊಳೆಯುವುದು ಆಗ.

ಇಬ್ಬರಿಗೊಂದು ಪ್ಯಾಡ್ ಸಾಕು. ಸೂಜಿಗಳನ್ನು ಕೊಡುವಾಗಲೂ ಹಿಂಪಡೆಯುವಾಗಲೂ ಎಣಿಸಿ, ಬೆರಳಿನಿಂದ ಹಿಡಿಯಲು ಬಿಡಬೇಡಿ, ಬಳಸಿದ್ದನ್ನು ಗಟ್ಟಿ ಗೋಡೆಯ ಡಬ್ಬಿಗೇ ಹಾಕಿಸಿ.