ಚಾವಣಿಯ ಸೌರ ಘಟಕ: 14 ತಿಂಗಳ ಬಳಕೆಯ ನಂತರ

ವಿದ್ಯಾರಣ್ಯಪುರದ ನಮ್ಮ ಮೂವತ್ತು-ನಲವತ್ತರ ನಿವೇಶನದ ಮನೆಯ ಮೇಲೆ 3 ಕಿಲೋವ್ಯಾಟ್‌ನ ಸೌರ ಘಟಕ ಚಾಲೂ ಆಗಿ 14 ತಿಂಗಳಾಯಿತು. ಹಾಕಿಸಲು ಹೊರಟವರಿಗೆ ಮೊದಲು ಹೇಳಬೇಕಾದದ್ದು ಇಷ್ಟು: ಮುಂಗಡ ಕೊಡುವ ಮುನ್ನ ನಿಮ್ಮ ವಿದ್ಯುತ್ ಸಂಪರ್ಕದ ಆರ್‌ಆರ್ ಸಂಖ್ಯೆ ಯಾರ ಹೆಸರಿನಲ್ಲಿದೆ ಎಂದು ಬಿಲ್ಲು ತೆಗೆದು ನೋಡಿ.

ಕೇಂದ್ರದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನವಿದೆ. ಆ ಹಣ ಖಾತೆಗೆ ಬರುವುದು ಘಟಕ ಚಾಲೂ ಆದ ಮೇಲೆ. ಅಲ್ಲಿಯವರೆಗೆ ಪೂರ್ತಿ ಮೊತ್ತವನ್ನು, ನಮ್ಮ ಪಾಲಿಗೆ 2,10,000 ರೂಪಾಯಿಯನ್ನು, ನಾವೇ ಹೊಂದಿಸಿಕೊಳ್ಳಬೇಕು. ನಮ್ಮ ಮೀಟರು ತೀರಿಕೊಂಡ ತಂದೆಯವರ ಹೆಸರಿನಲ್ಲಿಯೇ ಉಳಿದಿತ್ತು. ಅರ್ಜಿದಾರರ ಹೆಸರಿಗೂ ಸಂಪರ್ಕದ ಹೆಸರಿಗೂ ಹೊಂದಿಕೆಯಿರಬೇಕೆಂಬುದನ್ನು ಅಳವಡಿಕೆಯವರು ಮುಂಗಡ ಪಡೆಯುವಾಗ ತಿಳಿಸಲಿಲ್ಲ. ಚೌಕಟ್ಟು ನಿಂತು, ಫಲಕಗಳು ಬಂದು ಮೆಟ್ಟಿಲ ಕೆಳಗೆ ಒರಗಿದ ಮೇಲೆ ತಿಳಿಸಿದರು. ಮರಣ ಪ್ರಮಾಣಪತ್ರ, ವಂಶವೃಕ್ಷ, ಖಾತಾ, ತಂಗಿಯ ಒಪ್ಪಿಗೆ ಪತ್ರ ಎಲ್ಲವನ್ನೂ ಕೂಡಿಸಿ ಹೆಸರು ಬದಲಾಯಿಸಿಕೊಳ್ಳುವಷ್ಟರಲ್ಲಿ 4 ತಿಂಗಳು ಕಳೆದವು. ಅಷ್ಟೂ ತಿಂಗಳು ಸಾಲದ ಕಂತನ್ನೂ ವಿದ್ಯುತ್ ಬಿಲ್ಲನ್ನೂ ಒಟ್ಟಿಗೆ ಕಟ್ಟಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಅಳವಡಿಕೆಯವರು ಮೊದಲ ದಿನ ಒಂದು ಮಾತು ಕೇಳಿದ್ದರೆ ಸಾಕಿತ್ತು.

ಉಳಿತಾಯ ಮಾತ್ರ ನಿಜವಾದದ್ದು. ನಮ್ಮ ಬಳಕೆ ತಿಂಗಳಿಗೆ ಸುಮಾರು 320 ಯೂನಿಟ್. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ 200 ಯೂನಿಟ್ ಮಿತಿಯನ್ನು ದಾಟಿದವರು ಪೂರ್ತಿ ಬಿಲ್ಲು ಕಟ್ಟಬೇಕಾದ್ದರಿಂದ, ನಾವು ಲೈನಿಗೆ ಕೊಟ್ಟ ವಿದ್ಯುತ್ತನ್ನು ಪಡೆದದ್ದರಲ್ಲಿ ಕಳೆಯುವ ನೆಟ್ ಮೀಟರಿನಿಂದ ನಮಗೆ ತಿಂಗಳಿಗೆ 2,000 ರೂಪಾಯಿಯ ಆಸುಪಾಸು ಮಿಗುತ್ತಿದೆ. ಈ ಲೆಕ್ಕದಲ್ಲಿ, ಸಹಾಯಧನ ಕಳೆದು ನಾವು ಹಾಕಿದ ಹಣ ಐದೂವರೆ ವರ್ಷಕ್ಕೆ ಹಿಂದಿರುಗುತ್ತದೆ, ಬಡ್ಡಿ ಸೇರಿಸಿದರೆ ಆರು ದಾಟುತ್ತದೆ. ಈಗಾಗಲೇ ಶೂನ್ಯ ಬಿಲ್ಲು ಪಡೆಯುತ್ತಿರುವ ಮನೆಯವರು ಉಳಿತಾಯವನ್ನೇ ನಂಬಿ ಸಾಲ ಮಾಡಬಾರದೆಂದು ನನ್ನ ಅಭಿಪ್ರಾಯ. ಮಂಜೂರಾದ ಲೋಡಿನ ಮೇಲಿನ ನಿಗದಿತ ಶುಲ್ಕ ಎಷ್ಟು ಬಿಸಿಲು ಬಿದ್ದರೂ ಕರಗುವುದಿಲ್ಲ. ಕರೆಂಟು ಹೋದಾಗ, ಕಂಬದ ಮೇಲಿರುವ ಲೈನ್‌ಮನ್‌ನ ಸುರಕ್ಷತೆಗಾಗಿ, ಬ್ಯಾಟರಿಯಿಲ್ಲದ ಈ ಘಟಕವೂ ನಿಂತುಬಿಡುತ್ತದೆ. ಹಳೆಯ ಯುಪಿಎಸ್ ಅನ್ನು ಮಾರದೆ ಇಟ್ಟುಕೊಂಡದ್ದು ಒಳ್ಳೆಯದಾಯಿತು.

ನಾನು ನಿರೀಕ್ಷಿಸದಿದ್ದ ಸುಖವೊಂದಿದೆ. ಭಾನುವಾರ ಬಿಸಿಲೇರುವ ಮುನ್ನ, ಗಾಜು ಇನ್ನೂ ತಣ್ಣಗಿರುವಾಗ, ಮೆದುವಾದ ಮಾಪು ಹಿಡಿದು ಫಲಕಗಳನ್ನು ತೊಳೆಯುತ್ತೇನೆ. ಕೊಳವೆಬಾವಿಯ ಗಡಸು ನೀರು ಬಿಳಿ ಕಲೆ ಉಳಿಸುವುದರಿಂದ ಮಳೆಕೊಯ್ಲಿನ ತೊಟ್ಟಿಯ ನೀರನ್ನೇ ಬಳಸುತ್ತೇನೆ. ಪಕ್ಕದಲ್ಲಿ ಮನೆ ಕಟ್ಟುತ್ತಿರುವುದರಿಂದ ಮೊದಲ ಬಕೆಟ್ಟು ಕೆಂಪಗೆ ಹರಿಯುತ್ತದೆ, ಎರಡನೆಯದು ತಿಳಿಯಾಗುತ್ತದೆ. ಏಳಡಿ ಎತ್ತರದ ಚೌಕಟ್ಟಿನ ನೆರಳಿನಿಂದ ಕೆಳಗಿನ ಕೋಣೆ ಏಪ್ರಿಲ್‌ನಲ್ಲಿಯೂ ಹಿಂದಿನಷ್ಟು ಕಾಯಲಿಲ್ಲ. ಸಂಡಿಗೆಯ ಬಿಸಿಲು ಹೋಯಿತೆಂದು ಬೇಸರಿಸಿದ್ದ ಅಮ್ಮ ಈಗ ಸಂಡಿಗೆಯನ್ನು ಟ್ಯಾಂಕಿನ ಬದಿಗೆ ಹರವಿ, ತಾವು ಫಲಕಗಳ ನೆರಳಿನಲ್ಲಿ ಕುಳಿತು ಕಾಗೆ ಓಡಿಸುತ್ತಾರೆ.