ಡ್ಯಾಲ್ವಿನಿ 15: ಮೆತ್ತಗಿದೆ, ಆದರೆ ಸಪ್ಪೆಯಲ್ಲ

ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ, ಬರೀ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) ಕುಡಿಯುವವರ ನಡುವೆ ಸ್ಕಾಟ್ಲೆಂಡಿನ ಡ್ಯಾಲ್ವಿನಿ 15 ವರ್ಷದ ಬಾಟಲಿಗೆ ‘ಹೊಸಬರಿಗೆ ಒಳ್ಳೇದು’ ಅನ್ನೋ ಹಣೆಪಟ್ಟಿ ಅಂಟಿಬಿಟ್ಟಿದೆ. ಒಂದೆರಡು ಪೆಗ್ ನೋಡಿ ಹೊಗೆಯ ಘಾಟಿನ ಲಗವುಲಿನ್, ಟಾಲಿಸ್ಕರ್ ಕಡೆಗೆ ದಾಟುವವರೇ ಹೆಚ್ಚು. ನಾನೂ ಅವೆರಡನ್ನು ಇಷ್ಟಪಟ್ಟು ಕುಡಿಯುತ್ತೇನೆ. ಆದರೂ ವರ್ಷಗಳಿಂದ ನಮ್ಮ ಮನೆಯಲ್ಲಿ ಖಾಲಿಯಾದರೆ ಮತ್ತೆ ತಂದಿಡುವುದು ಡ್ಯಾಲ್ವಿನಿಯನ್ನೇ. ಈ ಹಣೆಪಟ್ಟಿ ಅದಕ್ಕೆ ಅನ್ಯಾಯ ಮಾಡುತ್ತದೆ ಎಂದು ನನಗೆ ಗಟ್ಟಿಯಾಗಿ ಅನಿಸುತ್ತದೆ.

ಗ್ಲಾಸಿಗೆ ಸುರಿದು ಹತ್ತು ನಿಮಿಷ ಬಿಡಿ. ಮೂಗಿಗೆ ಮೊದಲು ಬರುವುದು ಜೇನು. ಮಲೆನಾಡಿನ ತುಡುವೆ ಜೇನಿನ ಹಾಗೆ ಸಿಹಿಯ ಬೆನ್ನಿಗೇ ಹೂವಿನ ವಾಸನೆ, ಚೂರು ಒಗರು. ಆಮೇಲೆ ವೆನಿಲ್ಲಾ, ಕಿತ್ತಳೆ ಸಿಪ್ಪೆ. ಬಾಯಿಗೆ ಹಾಕಿದರೆ ಗಂಟಲು ಸುಡುವುದಿಲ್ಲ, ಆದರೆ ನೀರಾಗಿಯೂ ಜಾರುವುದಿಲ್ಲ. ನಾಲಗೆ ಮೇಲೆ ದಪ್ಪಗೆ ನಿಲ್ಲುತ್ತದೆ. ನುಂಗಿದ ಮೇಲೆ ಹುರಿದ ಬಾರ್ಲಿಯ ರುಚಿ, ತೀರಾ ಕೊನೆಗೆ ಪೀಟ್ (ಉರುವಲಾಗಿ ಸುಡುವ ಜೌಗುನೆಲದ ಮಣ್ಣು) ಹೊಗೆಯ ಸಣ್ಣ ಎಳೆ. ಅವಸರದಲ್ಲಿ ಕುಡಿದವರಿಗೆ ಈ ಎಳೆ ಸಿಗುವುದೇ ಇಲ್ಲ.

ಆ ದಪ್ಪಕ್ಕೆ ಕಾರಣವಿದೆ. ಈಗಿನ ಹೆಚ್ಚಿನ ಡಿಸ್ಟಿಲರಿಗಳಲ್ಲಿ ಆವಿಯನ್ನು ತಣಿಸಲು ಹಲವು ಸಣ್ಣ ತಾಮ್ರದ ಕೊಳವೆಗಳಿರುವ ಕಂಡೆನ್ಸರ್ ಇರುತ್ತದೆ. ಡ್ಯಾಲ್ವಿನಿಯಲ್ಲಿ ಹಳೇ ಪದ್ಧತಿಯ ವರ್ಮ್ ಟಬ್: ತಣ್ಣೀರು ತುಂಬಿದ ದೊಡ್ಡ ಮರದ ತೊಟ್ಟಿ, ಅದರೊಳಗೆ ಸುರುಳಿ ಸುತ್ತಿದ ತಾಮ್ರದ ಕೊಳವೆ. ಇದರಲ್ಲಿ ಆವಿಗೆ ತಾಮ್ರದ ಸಂಪರ್ಕ ಕಡಿಮೆ, ಹಾಗಾಗಿ ಇಳಿದು ಬರುವ ಹಸಿ ಸ್ಪಿರಿಟ್‌ನಲ್ಲಿ ಗಂಧಕದ ವಾಸನೆ, ತೂಕ ಎರಡೂ ಜಾಸ್ತಿ. 15 ವರ್ಷ ಪೀಪಾಯಿಯಲ್ಲಿ ಕೂತಾಗ ಗಂಧಕ ಕರಗಿಹೋಗಿ ತೂಕ ಉಳಿಯುತ್ತದೆ. 1986ರಲ್ಲಿ ಈ ತೊಟ್ಟಿಗಳನ್ನು ಕಿತ್ತು ಕಂಡೆನ್ಸರ್ ಹಾಕಿದ್ದರು. ಸ್ಪಿರಿಟ್‌ನ ಗುಣವೇ ಬದಲಾಯಿತೆಂದು 1995ರಲ್ಲಿ ಮತ್ತೆ ತೊಟ್ಟಿಗಳನ್ನೇ ಕೂರಿಸಿದರು. ರುಚಿಗಾಗಿ ಹಿಂದೆ ಹೆಜ್ಜೆ ಇಟ್ಟ ಈ ನಿರ್ಧಾರದ ಬಗ್ಗೆ ನನಗೆ ತುಂಬ ಗೌರವ.

ಡಿಸ್ಟಿಲರಿ ಇರುವ ಡ್ಯಾಲ್ವಿನಿ ಊರೂ ಅಂಥದ್ದೇ. ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ, ಡ್ರಮಾಕ್ಟರ್ ಕಣಿವೆದಾರಿಯ ಹತ್ತಿರ, ಸಮುದ್ರಮಟ್ಟದಿಂದ 300 ಮೀಟರಿಗೂ ಮೇಲೆ. ಬೆಂಗಳೂರಿನ 900 ಮೀಟರ್ ಮುಂದೆ ಅದೇನು ಎತ್ತರ ಅನ್ನಬಹುದು, ಆದರೆ ಬ್ರಿಟನ್ನಿನಲ್ಲಿ ಜನವಸತಿ ಇರುವ ಅತಿ ಚಳಿಯ ಜಾಗಗಳಲ್ಲಿ ಅದೂ ಒಂದು. ಚಳಿಯಿದ್ದಲ್ಲಿ ವಿಸ್ಕಿ ನಿಧಾನಕ್ಕೆ ಮಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2ರಷ್ಟು ಆವಿಯಾದರೆ, ನಮ್ಮ ಅಮೃತ್ ಸಿಂಗಲ್ ಮಾಲ್ಟ್ ಮಾಗುವ ಬೆಂಗಳೂರಿನಲ್ಲಿ ಶೇ 10ಕ್ಕೂ ಹೆಚ್ಚು. ಅಮೃತ್‌ನಲ್ಲಿ ಪೀಪಾಯಿ ಮರದ ಮಸಾಲೆ ಮುನ್ನುಗ್ಗಿ ಬರುವುದು, ಡ್ಯಾಲ್ವಿನಿಯಲ್ಲಿ ಮರ ಹಿಂದೆಯೇ ನಿಲ್ಲುವುದು ಈ ಹವೆಯ ವ್ಯತ್ಯಾಸದಿಂದಲೇ. ಎರಡನ್ನೂ ಒಂದೇ ಸಂಜೆ ಪಕ್ಕಪಕ್ಕದಲ್ಲಿಟ್ಟು ನೋಡಿ, ಡ್ಯಾಲ್ವಿನಿಯನ್ನು ಮೊದಲು ಕುಡಿಯಿರಿ.

ಸೋಡಾ ಬೇಡ. ಐಸ್ ಹಾಕಿದರೆ ಜೇನು ಮುದುಡಿಕೊಳ್ಳುತ್ತದೆ. ಇದನ್ನು ಫ್ರೀಜರಿನಲ್ಲಿಟ್ಟು ಕುಡಿಯಿರಿ ಎನ್ನುವವರೂ ಇದ್ದಾರೆ. ಹಾಗೆ ಕುಡಿದಾಗ ಬಾಯಿಗೆ ಗಟ್ಟಿಯಾಗಿ ಚೆನ್ನಾಗಿರುತ್ತದೆ, ಮೂಗಿಗೆ ಮಾತ್ರ ಏನೂ ಸಿಗದು. ಚಮಚದ ತುದಿಯಲ್ಲಿ ಕೆಲವೇ ಹನಿ ನೀರು ಸಾಕು. ಶೇ 43 ಆಲ್ಕೋಹಾಲ್ ಇರುವ ಈ ವಿಸ್ಕಿ ಅದಕ್ಕಿಂತ ಹೆಚ್ಚು ನೀರು ತಡೆಯುವುದಿಲ್ಲ.

ದೂರುಗಳೂ ಇವೆ. ಚಿಲ್ ಫಿಲ್ಟರ್ ಮಾಡಿ (ಅಂದರೆ ತಣ್ಣಗಾಗಿಸಿ ಸೋಸಿ), ಕ್ಯಾರಮೆಲ್ ಬಣ್ಣ ಸೇರಿಸುವುದು ನನಗೆ ಹಿಡಿಸುವುದಿಲ್ಲ. ಇಷ್ಟು ಕಷ್ಟಪಟ್ಟು ಗಳಿಸಿದ ತೂಕವನ್ನು ಸೋಸಿ ಯಾಕೆ ತೆಗೆಯಬೇಕು? ಹೊಗೆಯಿಲ್ಲದ ಇನ್ನೊಂದು ಸ್ಕಾಚ್ ಸಿಂಗಲ್ ಮಾಲ್ಟ್ ಬುನ್ನಹಾವೆನ್ 12 ಶೇ 46.3ರಲ್ಲಿ, ಸೋಸದೆ, ಬಣ್ಣ ಹಾಕದೆ ಬರುತ್ತದೆ. ಅದನ್ನು ಕುಡಿದು ಬಂದಾಗ ಡ್ಯಾಲ್ವಿನಿಯ ಕೊನೆರುಚಿ ಬೇಗ ಮುಗಿದಂತೆ ಕಾಣುತ್ತದೆ. ಇದನ್ನೇ ಶೇ 46ರಲ್ಲಿ ತುಂಬಿದರೆ ಸ್ವಲ್ಪ ಹೆಚ್ಚು ದುಡ್ಡು ಕೊಡಲೂ ನಾನು ತಯಾರು.

ಕೊಳ್ಳುವವರಿಗೆ ಇನ್ನೊಂದು ಮಾತು. ಬಾಟಲಿ ಮೂರನೇ ಒಂದು ಭಾಗಕ್ಕೆ ಇಳಿದ ಮೇಲೆ ಒಳಗಿನ ಗಾಳಿಗೆ ಮೊದಲು ಸೋಲುವುದು ಹೂವಿನ ವಾಸನೆ. ಆ ಹಂತಕ್ಕೆ ಬಂದಾಗ ಉಳಿದದ್ದನ್ನು ಚಿಕ್ಕ ಗಾಜಿನ ಬಾಟಲಿಗೆ ಕಂಠಮಟ್ಟ ತುಂಬಿ, ಬಿಸಿಲು ಬೀಳದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ.